ಅಗ್ಗದ ವಾಯ್ಸ್ ಎಪಿಐ ತಗೊಳ್ಳೋ ಮುಂಚೆ ಒಂದು ಫೋನ್ ಸ್ವಿಚ್ ಆಫ್ ಮಾಡಿ ನೋಡಿ

ವಿಜಯಪುರದಲ್ಲಿ ನಾವಿಬ್ಬರು ಗೆಳೆಯರು ಸೇರಿ ಸಣ್ಣದೊಂದು ಸಾಫ್ಟ್‌ವೇರ್ ಆಫೀಸು ನಡೆಸುತ್ತೇವೆ. ತಿಕೋಟಾ ಕಡೆಯ ಒಂದು ಕೋಲ್ಡ್ ಸ್ಟೋರೇಜಿಗೆ ಪ್ರೋಗ್ರಾಂ ಬರೆದುಕೊಟ್ಟಿದ್ದೆವು. ಒಣದ್ರಾಕ್ಷಿ (ನಮ್ಮ ಕಡೆ ಮಣೂಕ) ಇಡುವ ರೈತರಿಗೆ ಅದು ತಾನಾಗೇ ಫೋನ್ ಹಚ್ಚಿ, ‘ನಿಮ್ಮ ಮಾಲು ಇಳಿಸೋ ಪಾಳಿ ಇಂಥಾ ದಿನ ಐತಿ, ಬರ್ತೀರಿ ಅಂದ್ರ ಒಂದು ಒತ್ತರಿ’ ಅನ್ನುತ್ತದೆ. ಮೊದಲು ಆಫೀಸಿನ ಇಬ್ಬರು ಹುಡುಗರು 640 ರೈತರಿಗೆ ಒಬ್ಬೊಬ್ಬರಿಗೇ ಫೋನ್ ಮಾಡುತ್ತ ಮೂರು ದಿನ ಕಳೆಯುತ್ತಿದ್ದರು. ಆ ಕೆಲಸ ಅರ್ಧ ತಾಸಿಗೆ ಇಳಿಯಿತು. ಎಸ್‌ಎಂಎಸ್ ಓದದ ಹಿರಿಯರೂ ಕನ್ನಡದ ದನಿ ಕೇಳಿದರೆ ನಿಂತು ಕೇಳುತ್ತಾರೆ. ಪ್ರೋಗ್ರಾಂ ಹೀಗೆ ತಾನಾಗೇ ಫೋನ್ ಹಚ್ಚಲು ಬೇರೆ ಕಂಪನಿಯಿಂದ ದುಡ್ಡು ಕೊಟ್ಟು ತಗೊಳ್ಳುವ ಸೌಲಭ್ಯವೇ ವಾಯ್ಸ್ ಎಪಿಐ. ಅದರ ಮೇಲೆ ನನಗೆ ಇವತ್ತಿಗೂ ನಂಬಿಕೆ ಇದೆ. ನಾವು ಎಡವಿದ್ದು ಅದನ್ನು ಯಾರ ಹತ್ತಿರ ತಗೊಂಡೆವು ಅನ್ನುವುದರಲ್ಲಿ.

ಬೇರೆಯವರು ನಿಮಿಷಕ್ಕೆ 70-80 ಪೈಸೆ ಹೇಳುತ್ತಿದ್ದಾಗ ಒಂದು ಕಂಪನಿ 30 ಪೈಸೆಗೆ ಒಪ್ಪಿತು. ಕಾಗದಪತ್ರ ಏನೂ ಕೇಳಲಿಲ್ಲ. ಅರ್ಧ ದಿನದಲ್ಲಿ ಎಪಿಐ ಕೀ, ಅಂದರೆ ಆ ಸೌಲಭ್ಯ ಬಳಸಲು ಬೇಕಾದ ಗುಪ್ತ ಸಂಕೇತ, ಕೈಗೆ ಬಂತು. ಕೋಡ್ ಕೂಡ ಮೊದಲ ಸಲಕ್ಕೇ ಓಡಿತು. ನಾವು ಮೂರು ತಿಂಗಳ ಹಣವನ್ನು ಮುಂಗಡವಾಗಿ ತುಂಬಿದೆವು.

ಮೊದಲ ಸುಳಿವು ಲಾಗ್‌ನಲ್ಲೇ, ಅಂದರೆ ಕರೆಗಳ ದಾಖಲೆಯಲ್ಲೇ ಇತ್ತು. 640 ಕರೆಗಳಲ್ಲಿ 583ರ ಮುಂದೆ ‘ಆನ್ಸರ್ಡ್’ ಅಂತ ಬಂದಿತ್ತು, ಒಂದು ಒತ್ತಿದವರು 212 ಜನ ಮಾತ್ರ. ರೈತರು ಪೂರ್ತಿ ಕೇಳದೆ ಇಡುತ್ತಿರಬೇಕು ಅಂದುಕೊಂಡೆವು. ಒಂದು ಸಂಜೆ ನನ್ನ ಗೆಳೆಯ ಹಳೆಯ ಫೋನನ್ನು ಸ್ವಿಚ್ ಆಫ್ ಮಾಡಿ ಮೇಜಿನ ಮೇಲಿಟ್ಟು, ಅದೇ ನಂಬರಿಗೆ ಕರೆ ಹಚ್ಚಿದ. ಸ್ಕ್ರೀನ್ ಮೇಲೆ ಬಂತು: ಆನ್ಸರ್ಡ್, 12 ಸೆಕೆಂಡ್. ಆ ಹನ್ನೆರಡು ಸೆಕೆಂಡ್ ಅಂದರೆ ‘ನೀವು ಕರೆ ಮಾಡಿದ ಚಂದಾದಾರರು ಸ್ವಿಚ್ ಆಫ್ ಮಾಡಿದ್ದಾರೆ’ ಅನ್ನುವ ಮಾತು. ಪಲ್ಸ್, ಅಂದರೆ ದುಡ್ಡು ಲೆಕ್ಕ ಹಾಕುವ ಅಳತೆ, 60 ಸೆಕೆಂಡಿನದು, ಹಾಗಾಗಿ ಅದಕ್ಕೂ ಪೂರ್ತಿ ನಿಮಿಷದ ದುಡ್ಡು ಮುರಿದಿದ್ದರು.

ನೆಟ್ಟಗಿನ ಟೆಲಿಕಾಂ ಲೈನಿನಲ್ಲಿ ಆಚೆಯವರು ಎತ್ತಿದಾಗ ಮಾತ್ರ ಉತ್ತರದ ಸಿಗ್ನಲ್ ಬರುತ್ತದೆ. ಸಿಮ್ ಬಾಕ್ಸ್ ಮೂಲಕ, ಅಂದರೆ ಒಂದು ಡಬ್ಬಿಯಲ್ಲಿ ಹತ್ತಾರು ಮಾಮೂಲಿ ಸಿಮ್ ಹಾಕಿ ಕರೆ ದಾಟಿಸುವವರು ಎತ್ತದ ಕರೆಯನ್ನೂ ‘ಎತ್ತಿದರು’ ಅಂತ ತೋರಿಸಬಲ್ಲರು. ರೈತರ ಫೋನಿನಲ್ಲಿ ಪ್ರತಿ ಸಲ ಬೇರೆ ಬೇರೆ 10 ಅಂಕಿಯ ನಂಬರ್ ಮೂಡುತ್ತಿದ್ದದ್ದೂ ಅದಕ್ಕೇ. ಒಬ್ಬರು ಹೇಳಿದರು, ‘ಇದs ನಂಬರಿಂದ ಮೊನ್ನೆ ಸಾಲ ಬೇಕೇನ್ರೀ ಅಂತ ಫೋನ್ ಬಂದಿತ್ರಿ, ಅದಕ್ಕ ನಾ ಎತ್ತಲಿಲ್ಲ.’ ಯಾರದೋ ಸಾಲದ ಪ್ರಚಾರಕ್ಕೂ ನಮ್ಮ ಪಾಳಿಯ ಸುದ್ದಿಗೂ ಅವೇ ಸಿಮ್‌ಗಳು.

ಆಗಲೇ ಬಿಟ್ಟುಬಿಡಬೇಕಿತ್ತು. ತುಂಬಿದ ಹಣ ಮುಗಿಯಲಿ ಅಂತ ಕಾದೆವು, ಅದು ನಮ್ಮ ತಪ್ಪು.

2025ರ ಏಪ್ರಿಲ್‌ನ ಒಂದು ಶನಿವಾರ ಕೋಲ್ಡ್ ಸ್ಟೋರೇಜಿನ ಒಂದು ಚೇಂಬರ್ ಕೆಟ್ಟಿತು. ಸೋಮವಾರದ ಪಾಳಿಯನ್ನು ಬುಧವಾರಕ್ಕೆ ಸರಿಸಿ ಕರೆ ಬಿಟ್ಟೆವು. ಲಾಗ್‌ನಲ್ಲಿ ಎಲ್ಲವೂ ಹಸಿರು. ನಿಜದಲ್ಲಿ ಅವರ ಸಿಮ್‌ಗಳು ಬಂದ್ ಆಗಿದ್ದವು, ಒಂದು ಕರೆಯೂ ಯಾರಿಗೂ ಮುಟ್ಟಿರಲಿಲ್ಲ. ಸೋಮವಾರ ಬೆಳಿಗ್ಗೆ ಗೇಟಿನ ಮುಂದೆ ಹದಿನಾಲ್ಕು ಟೆಂಪೊ, ಟ್ರ್ಯಾಕ್ಟರ್ ನಿಂತಿದ್ದವು. ಮಧ್ಯಾಹ್ನದ ಬಿಸಿಲಲ್ಲಿ ಹಿರಿಯ ರೈತರೊಬ್ಬರು ಬಾಕ್ಸ್ ಬಿಚ್ಚಿ ಒಂದು ಹಿಡಿ ಒಣದ್ರಾಕ್ಷಿಯನ್ನು ನನ್ನ ಅಂಗೈಗೆ ಸುರಿದರು. ಬೆಚ್ಚಗಿತ್ತು, ಬೆರಳಿಗೆ ಅಂಟುತ್ತಿತ್ತು. ‘ತಮ್ಮಾ, ಇನ್ನೊಂದ್ ದಿನ ಹಿಂಗ ನಿಂತ್ರ ಹಸರ ಬಣ್ಣ ಹೋಗ್ತೈತಿ. ಬಣ್ಣ ಹ್ವಾದ ಮ್ಯಾಲ ದರಾ ಯಾರ್ ಕೊಡ್ತಾರ?’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡು ದಿನದ ಗಾಡಿ ಬಾಡಿಗೆಯನ್ನು ನಾವೇ ಕೊಟ್ಟೆವು. ಬಣ್ಣ ಮಾಸಿದ ಮಾಲಿಗೆ ಕೊಡಲು ನಮ್ಮಲ್ಲಿ ಏನೂ ಇರಲಿಲ್ಲ. ಆ ಕಂಪನಿಯವರು ಆಮೇಲೆ ಫೋನೇ ಎತ್ತಲಿಲ್ಲ, ಉಳಿದ ಹಣವೂ ಹೋಯಿತು.

ನಿಯಮ ನಮಗೆ ಗೊತ್ತಿರಬೇಕಿತ್ತು. ನೋಂದಣಿ ಇಲ್ಲದೆ ಪ್ರಚಾರದ ಕರೆ ಮಾಡುವವರ ಎಲ್ಲ ಲೈನುಗಳನ್ನು ಕಡಿದು, ಎರಡು ವರ್ಷದವರೆಗೆ ಕಪ್ಪುಪಟ್ಟಿಗೆ ಹಾಕಿ ಅಂತ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ 2024ರ ಆಗಸ್ಟ್‌ನಲ್ಲೇ ಟೆಲಿಕಾಂ ಕಂಪನಿಗಳಿಗೆ ಹೇಳಿತ್ತು. 2025ರ ಫೆಬ್ರವರಿಯ ತಿದ್ದುಪಡಿಯಲ್ಲಿ ಪ್ರಚಾರದ ಕರೆಗೆ 140ರಿಂದ, ಸೇವೆ ಮತ್ತು ವಹಿವಾಟಿನ ಕರೆಗೆ 1600ರಿಂದ ಶುರುವಾಗುವ ನಂಬರಿನ ಸರಣಿ ಅಂತ ಬಂತು. ಟೆಲಿಮಾರ್ಕೆಟಿಂಗ್‌ಗೆ ಮಾಮೂಲಿ 10 ಅಂಕಿಯ ನಂಬರ್ ಬಳಸುವಂತಿಲ್ಲ. ಅಂಥ ಸಿಮ್‌ಗಳ ಮೇಲೆ ನಿಮ್ಮ ಗಿರಾಕಿಯ ವ್ಯವಹಾರ ಕಟ್ಟಿದರೆ ಅದು ಯಾವ ಬೆಳಿಗ್ಗೆ ನಿಲ್ಲುತ್ತದೋ ಹೇಳಲಾಗದು.

ದಯವಿಟ್ಟು ರೊಕ್ಕ ತುಂಬುವ ಮುಂಚೆ ಅವರ ಡಿಎಲ್‌ಟಿ (ವ್ಯಾಪಾರದ ಕರೆ, ಸಂದೇಶ ಕಳಿಸುವವರನ್ನು ದಾಖಲಿಸುವ ಟೆಲಿಕಾಂ ಕಂಪನಿಗಳ ವ್ಯವಸ್ಥೆ) ನೋಂದಣಿ ಕೇಳಿ. ನಿಮ್ಮ ಕಾಗದಪತ್ರ ಕೇಳದವರನ್ನು ನಂಬಬೇಡಿ. ಪಲ್ಸ್ ಎಷ್ಟು ಸೆಕೆಂಡಿನದು ಅಂತ ಬರಹದಲ್ಲಿ ತಗೊಳ್ಳಿ. ಸ್ವಿಚ್ ಆಫ್ ಆದ ಫೋನಿಗೆ, ಬ್ಯುಸಿ ಇರುವ ಫೋನಿಗೆ ಒಂದೊಂದು ಕರೆ ಹಚ್ಚಿ ಲಾಗ್ ನೋಡಿ. ಮುಖ್ಯವಾದ ಸುದ್ದಿಯಾದರೆ, ಒಂದು ಒತ್ತದೆ ಇದ್ದವರ ಪಟ್ಟಿಯನ್ನು ಮನುಷ್ಯರ ಕೈಗೆ ಕೊಡುವ ವ್ಯವಸ್ಥೆಯನ್ನು ಕೋಡ್‌ನಲ್ಲೇ ಇಡಿ. ನಾವು ಅದನ್ನು ಇಟ್ಟಿದ್ದರೆ ಆ ಭಾನುವಾರವೇ ವಿಷಯ ತಿಳಿಯುತ್ತಿತ್ತು.

ಈಗ ಕೋಲ್ಡ್ ಸ್ಟೋರೇಜಿನ ಹೆಸರಲ್ಲೇ ಕೆವೈಸಿ, ನೋಂದಣಿ ಎಲ್ಲ ಮಾಡಿಸಿದ್ದೇವೆ. ಖರ್ಚು ಎರಡು ಪಟ್ಟಿಗಿಂತ ಜಾಸ್ತಿ. ಕರೆ ಹೋಗುವುದು ಒಂದೇ ನಂಬರಿನಿಂದ. ಅವತ್ತು ನನ್ನ ಅಂಗೈಗೆ ದ್ರಾಕ್ಷಿ ಸುರಿದವರು ಅದನ್ನು ತಮ್ಮ ಮೊಮ್ಮಗನ ಕೈಲಿ ‘ಮಣೂಕ ಪಾಳಿ’ ಅಂತ ಸೇವ್ ಮಾಡಿಸಿದ್ದಾರೆ.