ಘಟ್ಟದ ಕೆಳಗೆ ಗೆದ್ದದ್ದು ಘಟ್ಟದ ಮೇಲೆ ಸೋಲುತ್ತದೆ: ವ್ಯಾನಿನ ಬದುಕಿಗೆ ಅಗ್ಗದ ಉಪಾಯಗಳ ಹೋಲಿಕೆ

ಉತ್ತರ ಕನ್ನಡದ ಕರಾವಳಿಯಲ್ಲಿ ವ್ಯಾನನ್ನೇ ಮನೆ ಮಾಡಿಕೊಂಡವರಿಗೆ ಮೊದಲ ಶತ್ರು ತೇವ, ಎರಡನೆಯದು ಉಪ್ಪುಗಾಳಿ. ಸೆಖೆ, ಸೊಳ್ಳೆ, ಜಾಗದ ಇಕ್ಕಟ್ಟು ಎಲ್ಲವೂ ಆಮೇಲಿನ ಮಾತು. ನಾನು ಮತ್ತು ನನ್ನ ಗಂಡ ಶಾಲೆಗಳಲ್ಲಿ ಮಕ್ಕಳಿಗೆ ಮರಗೆಲಸ ಮತ್ತು ಮಣ್ಣಿನ ಕೆಲಸ ಕಲಿಸುವ ಶಿಬಿರ ನಡೆಸುತ್ತೇವೆ. ಮನೆ ಘಟ್ಟದ ಮೇಲಿನ ಶಿರಸಿಯಲ್ಲಿ, ಕೆಲಸ ಕೆಳಗೆ ಕರಾವಳಿಯಲ್ಲಿ, ಕಾರವಾರದಿಂದ ಭಟ್ಕಳದವರೆಗೆ. ವರ್ಷದ ಬಹುಪಾಲು ನಮ್ಮ ಸಂಸಾರ ಹಳೆಯ ವ್ಯಾನೊಂದರ ಹಿಂಭಾಗದಲ್ಲಿಯೇ ಸಾಗುತ್ತದೆ. ಹೀಗೆ ಬದುಕಲು ಹೊರಟವರಿಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಒಣಹವೆಯ ದೇಶಗಳಿಂದ ಬಂದವು. ಅವನ್ನೂ ನಮ್ಮೂರಿನ ಉಪಾಯಗಳನ್ನೂ ಎದುರುಬದುರು ಇಟ್ಟು ಬಳಸಿ ನೋಡಿದ್ದೇವೆ. ಶಿರಸಿಯಿಂದ ಕುಮಟಾದ ಕಡೆಗೆ ದೇವಿಮನೆ ಘಟ್ಟ ಇಳಿಯುತ್ತಿದ್ದಂತೆ ಗೆಲುವು ಸೋಲುಗಳು ಅದಲುಬದಲಾಗುವುದನ್ನು ಕಂಡಿದ್ದೇವೆ.

ಹೋಲಿಕೆಗೆ ಮೊದಲು ಒಂದು ನಿಯಮ ಹೇಳಬೇಕು. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮು ನೋಂದಣಿ ಪತ್ರದ ಮೂಲ ವಿವರಗಳಿಗೆ ಹೊಂದದ ಹಾಗೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. ಆದ್ದರಿಂದ ಚಾವಣಿ ಕೊರೆದು ಫ್ಯಾನು ಕೂರಿಸುವಂಥ ಕೆಲಸಕ್ಕೆ ನಾವು ಕೈ ಹಾಕಲಿಲ್ಲ. ಇಲ್ಲಿ ಹೇಳುವ ಪ್ರತಿಯೊಂದನ್ನೂ ಬಿಚ್ಚಿ ಕೆಳಗಿಳಿಸಿ ವ್ಯಾನನ್ನು ಮೊದಲಿನಂತೆ ಮಾಡಬಹುದು. ಅಗ್ಗವಾಗುವುದಕ್ಕೆ ಅದೂ ಒಂದು ಕಾರಣ.

ತೇವದಿಂದಲೇ ಆರಂಭಿಸುತ್ತೇನೆ. ಬಾಗಿಲು ಮುಚ್ಚಿ ಇಬ್ಬರು ರಾತ್ರಿ ಮಲಗಿದರೆ ಉಸಿರು ಮತ್ತು ಬೆವರಿನಿಂದಲೇ ಸುಮಾರು ಅರ್ಧ ಲೀಟರ್ ನೀರು ಒಳಗಿನ ಗಾಳಿಗೆ ಸೇರುತ್ತದೆ. ಜುಲೈ ತಿಂಗಳಲ್ಲಿ ಹೊರಗಿನ ಗಾಳಿಯೇ ನೀರು ತುಂಬಿಕೊಂಡಿರುವಾಗ ಈ ಅರ್ಧ ಲೀಟರ್ ಹೋಗುವುದೆಲ್ಲಿಗೆ? ಹಾಸಿಗೆಯ ಅಡಿಗೆ, ಚಾವಣಿಯ ತಗಡಿಗೆ, ಚಪ್ಪಲಿಯ ಚರ್ಮಕ್ಕೆ. ಎಲ್ಲ ಕಡೆ ಬೂಷ್ಟು, ಎಲ್ಲದರಲ್ಲೂ ಮುಗ್ಗಲು ವಾಸನೆ.

ಎಲ್ಲರೂ ಮೊದಲು ಸೂಚಿಸುವುದು ಸಿಲಿಕಾ ಜೆಲ್. ಅದು ತನ್ನ ತೂಕದ ಮೂರನೆಯ ಒಂದು ಭಾಗದಷ್ಟು ನೀರನ್ನು ಹೀರುತ್ತದೆ. ಅಂದರೆ ಒಂದು ಕಿಲೋ ಜೆಲ್ ನಮ್ಮಿಬ್ಬರ ಒಂದು ರಾತ್ರಿಯ ಉಸಿರಿಗೂ ಸಾಲದು. ಎರಡನೆಯದು ಬೀರುವಿನಲ್ಲಿ ತೂಗುಹಾಕುವ ಕ್ಯಾಲ್ಸಿಯಂ ಕ್ಲೋರೈಡ್ ಚೀಲ. ಇದು ಬಲಶಾಲಿ, ತನ್ನ ತೂಕಕ್ಕಿಂತ ಹೆಚ್ಚು ನೀರು ಎಳೆಯುತ್ತದೆ. ಆದರೆ ಎಳೆದ ನೀರು ಉಪ್ಪುನೀರಾಗಿ ಕೆಳಚೀಲದಲ್ಲಿ ನಿಲ್ಲುತ್ತದೆ. ಘಟ್ಟದ ತಿರುವಿನಲ್ಲಿ ಚೀಲ ಹರಿದು ಆ ನೀರು ತಗಡಿನ ನೆಲಕ್ಕೆ ಚೆಲ್ಲಿದರೆ ತುಕ್ಕು ಹಿಡಿಯಲು ಬೇರೇನೂ ಬೇಕಿಲ್ಲ. ಬಟ್ಟಲಲ್ಲಿ ಸಾಣಿಕಟ್ಟಾದ ಹರಳುಪ್ಪು ಇಡಿ ಎಂದು ಹೇಳುವವರೂ ಇದ್ದಾರೆ. ಗಾಳಿಯ ತೇವಾಂಶ ಶೇಕಡಾ 75ನ್ನು ದಾಟಿದ ಮೇಲಷ್ಟೇ ಉಪ್ಪು ನೀರೊಡೆಯುತ್ತದೆ. ಆ ಮಟ್ಟದಲ್ಲಿ ಬೂಷ್ಟು ಹುಟ್ಟಲು ಬೇಕಾದ ತೇವ ಆಗಲೇ ಇರುತ್ತದೆ, ಮತ್ತೆ ಅದೇ ಉಪ್ಪುನೀರಿನ ಅಪಾಯ.

ಇವೆಲ್ಲವುಗಳ ಎದುರು ಇಟ್ಟು ನೋಡಿದ್ದು ಹಳೆಯ ಕಂಪ್ಯೂಟರಿನಿಂದ ಬಿಚ್ಚಿದ 12 ವೋಲ್ಟಿನ ಎರಡು ಪುಟ್ಟ ಫ್ಯಾನುಗಳನ್ನು. ಇಂಥ ಫ್ಯಾನು ಎರಡು ಮೂರು ವ್ಯಾಟ್ ವಿದ್ಯುತ್ತಿನಲ್ಲಿ ರಾತ್ರಿಯಿಡೀ ತಿರುಗುತ್ತದೆ. ಜಾರುಕಿಟಕಿಯ ಸಂದಿಗೆ ಸರಿಹೊಂದುವಂತೆ ಪ್ಲೈವುಡ್ ಪಟ್ಟಿ ಕತ್ತರಿಸಿ, ಗಾಳಿಯನ್ನು ಹೊರಕ್ಕೆ ತಳ್ಳುವಂತೆ ಫ್ಯಾನು ಕೂರಿಸಿ, ಎದುರುಬದಿಯ ಕಿಟಕಿಯನ್ನು ಎರಡು ಬೆರಳಿನಷ್ಟು ತೆರೆದಿಟ್ಟೆವು. ಮಳೆಹನಿ ಒಳಬಾರದಂತೆ ಹೊರಗೆ ಅಡಿಕೆ ಹಾಳೆಯ ಮರೆ. ಫ್ಯಾನು ಒಳಗಿನ ಗಾಳಿಯನ್ನು ಹೊರಗಿನದಕ್ಕಿಂತ ಒಣಗಿಸಲಾರದು. ಆದರೆ ನಮ್ಮ ಉಸಿರಿನ ನೀರನ್ನು ಒಳಗೆ ಕೂಡಿಹಾಕಲು ಬಿಡುವುದಿಲ್ಲ, ಗಾಳಿ ಒಂದೆಡೆ ನಿಲ್ಲದಿದ್ದರೆ ಬೂಷ್ಟಿಗೂ ಸುಲಭವಾಗಿ ನೆಲೆ ಸಿಗುವುದಿಲ್ಲ. ಕರಾವಳಿಯಲ್ಲಿ ಇದಕ್ಕೆ ಸಾಟಿಯಾದ ಇನ್ನೊಂದು ಉಪಾಯವನ್ನು ನಾನು ಕಂಡಿಲ್ಲ.

ಹಾಗಾದರೆ ಸಿಲಿಕಾ ಜೆಲ್ ವ್ಯರ್ಥವೇ? ಖಂಡಿತ ಅಲ್ಲ. ಬಿಗಿಯಾಗಿ ಮುಚ್ಚುವ ಸ್ಟೀಲ್ ಡಬ್ಬಿಯಲ್ಲಿ ಅದರಷ್ಟು ನಂಬಿಕಸ್ಥ ವಸ್ತು ಇಲ್ಲ. ವಾಹನದ ದಾಖಲೆ, ಮಕ್ಕಳ ಚಿತ್ರಗಳು, ಕ್ಯಾಮೆರಾ, ಔಷಧ ಎಲ್ಲ ನಮ್ಮಲ್ಲಿ ಅಂಥ ಡಬ್ಬಿಯಲ್ಲಿವೆ. ಬಣ್ಣ ಬದಲಾದಾಗ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಜೆಲ್ ಮತ್ತೆ ಕೆಲಸಕ್ಕೆ ಬರುತ್ತದೆ. ನೀಲಿ ಬಣ್ಣದ್ದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ. ಕಿತ್ತಳೆ ಬಣ್ಣದ್ದನ್ನು ಕೊಳ್ಳಿ, ಅದಕ್ಕೂ ಅಡುಗೆಯ ಪಾತ್ರೆ ಬಳಸಬೇಡಿ.

ಹಾಸಿಗೆಯ ಅಡಿಗೆ ಏನು ಹಾಕಬೇಕೆಂಬುದು ಇದರ ಮುಂದುವರಿದ ಭಾಗ. ಪ್ಲೈವುಡ್ ಹಲಗೆಯ ಮೇಲೆ ನೇರವಾಗಿ ಹಾಸಿದ ಹತ್ತಿಯ ಹಾಸಿಗೆ ಮಳೆಗಾಲದಲ್ಲಿ ಅಡಿಯಿಂದ ಕಪ್ಪಾಗುತ್ತದೆ. ನಡುವೆ ಪ್ಲಾಸ್ಟಿಕ್ ಚಾಪೆ ಹಾಕಿದರೆ ಇನ್ನೂ ಕೆಡುಕು, ಅದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ತೆಂಗಿನ ನಾರಿನ ದಪ್ಪ ಹಾಸು ವಾಸಿ. ಎಲ್ಲಕ್ಕಿಂತ ಮೇಲು ನಮ್ಮ ಶಿರಸಿಯ ಅಡಿಕೆ ದಬ್ಬೆ, ಅಂದರೆ ಅಡಿಕೆ ಮರದ ಕಾಂಡವನ್ನು ಉದ್ದಕ್ಕೆ ಸೀಳಿದ ಪಟ್ಟಿ. ಬೆರಳಗಲದ ಸಂದಿ ಬಿಟ್ಟು ದಬ್ಬೆಗಳನ್ನು ತೆಂಗಿನ ಹುರಿಯಿಂದ ಹೆಣೆದರೆ ಸುತ್ತಿಡಬಹುದಾದ ಮಂಚದ ತಳ ಸಿದ್ಧ. ತೋಟದವರು ಸತ್ತ ಅಡಿಕೆ ಮರ ಕಡಿದಾಗ ಕೇಳಿದರೆ ಕಾಸಿಲ್ಲದೆ ಸಿಗುತ್ತದೆ. ಒಳಬದಿಯ ತಿರುಳನ್ನು ಪೂರ್ತಿ ಕೆತ್ತಿ ತೆಗೆಯಬೇಕು, ಉಳಿದರೆ ಹುಳು ಹಿಡಿಯುತ್ತದೆ.

ಇನ್ನು ಸೆಖೆ. ಇಲ್ಲಿಯೇ ಘಟ್ಟದ ಮೇಲಿನ ಮತ್ತು ಕೆಳಗಿನ ಲೆಕ್ಕ ಬೇರೆಯಾಗುವುದು. ಗಾಜಿನ ಒಳಗೆ ಹಚ್ಚುವ ಬೆಳ್ಳಿಬಣ್ಣದ ಗುಳ್ಳೆಹಾಳೆ, ಗೋಡೆಗೆ ಒರಗಿಸುವ ತೆಂಗಿನ ಮಡಲಿನ ತಟ್ಟಿ, ನರ್ಸರಿಗೆ ಬಳಸುವ ಹಸಿರು ನೆರಳುಬಲೆ, ಒದ್ದೆ ಗೋಣಿ: ಈ ನಾಲ್ಕನ್ನು ಹೋಲಿಸಿದೆವು. ಬೆಳ್ಳಿಹಾಳೆಯ ಕೊರತೆ ಅದರ ಜಾಗದಲ್ಲಿದೆ. ಬಿಸಿಲು ಗಾಜನ್ನು ದಾಟಿ ಒಳಬಂದ ಮೇಲೆ ಅದನ್ನು ತಡೆಯಹೊರಟರೆ ಸ್ವಲ್ಪ ಶಾಖ ಹೊರಗೆ ಹೋಗುತ್ತದೆ, ಉಳಿದದ್ದು ಒಳಗೇ ನಿಲ್ಲುತ್ತದೆ. ನೆರಳು ಹೊರಗೇ ಬೀಳಬೇಕು. ಮಡಲಿನ ತಟ್ಟಿ ಇದನ್ನು ಚೆನ್ನಾಗಿ ಮಾಡುತ್ತದೆ, ಗಾಳಿಯೂ ಅದರ ಮೂಲಕ ಆಡುತ್ತದೆ. ಆದರೆ ಒಂದೇ ಕಡೆ ವಾರಗಟ್ಟಲೆ ನಿಲ್ಲುವವರಿಗೆ ಮಾತ್ರ ಅದು ಸರಿ. ಮಡಚಲು ಬಾರದು, ಇರುವೆ ಸೇರುತ್ತದೆ. ನೆರಳುಬಲೆಯನ್ನು ಚಾವಣಿಯ ಕ್ಯಾರಿಯರಿನಿಂದ ಎರಡು ಬಿದಿರಿನ ಗಳಗಳಿಗೆ ಎಳೆದು ಕಟ್ಟಿ, ತಗಡಿಗೂ ಬಲೆಗೂ ನಡುವೆ ಒಂದು ಗೇಣು ಜಾಗ ಬಿಟ್ಟರೆ ಮಧ್ಯಾಹ್ನದ ಹೊತ್ತಿನಲ್ಲೂ ಚಾವಣಿಯ ತಗಡನ್ನು ಕೈಯಿಂದ ಮುಟ್ಟಬಹುದು. ಮಡಚಿದರೆ ತಲೆದಿಂಬಿನಷ್ಟು ಜಾಗ. ಕರಾವಳಿಯಲ್ಲಿ ಇದಕ್ಕೇ ಮೊದಲ ಸ್ಥಾನ.

ಒದ್ದೆ ಗೋಣಿಯ ಕಥೆ ಬೇರೆ. ನೀರು ಆವಿಯಾಗುವಾಗ ಶಾಖ ಹೀರಿಕೊಳ್ಳುತ್ತದೆ, ಆವಿಯಾಗಲು ಗಾಳಿ ಒಣಗಿರಬೇಕು. ಏಪ್ರಿಲ್ ತಿಂಗಳಲ್ಲಿ ಕಾರವಾರದ ಕಡಲತೀರದಲ್ಲಿ ಗೋಣಿ ಸಂಜೆಯವರೆಗೂ ಒದ್ದೆಯಾಗಿಯೇ ಇರುತ್ತದೆ, ಒಳಗಿನ ಸೆಖೆಗೆ ಇನ್ನಷ್ಟು ತೇವ ಸೇರುತ್ತದೆ. ಅದೇ ಗೋಣಿಯನ್ನು ಮಾರ್ಚ್ ತಿಂಗಳ ಮಧ್ಯಾಹ್ನ ಘಟ್ಟದ ಮೇಲಿನ ಮುಂಡಗೋಡಿನ ಕಡೆ ಕಿಟಕಿಗೆ ಕಟ್ಟಿ ನೋಡಿ, ಒಳಬರುವ ಗಾಳಿ ತಂಪಾಗಿರುತ್ತದೆ. ಪರಿಮಳ ಸೂಸುವ ಲಾವಂಚದ ಪರದೆಗೂ ಇದೇ ನಿಯಮ. ಇದನ್ನು ಕುಮಟಾದ ಗೆಳತಿಯೊಬ್ಬಳಿಗೆ ಎಷ್ಟು ಹೇಳಿದರೂ ನಂಬಲಿಲ್ಲ, ಅವಳಿಗೆ ಲಾವಂಚದ ಮೇಲೆ ಅಷ್ಟು ಪ್ರೀತಿ.

ಬೆಳ್ಳಿಹಾಳೆಯೂ ಶಿರಸಿಯಲ್ಲಿ ಮಾನ ಉಳಿಸಿಕೊಳ್ಳುತ್ತದೆ. ಡಿಸೆಂಬರಿನ ರಾತ್ರಿ ಗಾಜಿನಿಂದ ಬರುವ ಚಳಿಯನ್ನು ತಡೆಯಲು ಅದು ಒಳ್ಳೆಯದು. ಚಾವಣಿಗೆ ಮಾತ್ರ ಅಂಟಿಸಬಾರದು. ತಣ್ಣಗಾದ ತಗಡಿನ ಮೇಲೆ ಉಸಿರಿನ ಆವಿ ಹನಿಗಟ್ಟಿ, ಹಾಳೆಯ ಹಿಂದೆ ಸೇರಿ, ಕಣ್ಣಿಗೆ ಬೀಳದೆ ತುಕ್ಕು ಹಿಡಿಸುತ್ತದೆ. ಅದರ ಬದಲು ಹಳೆಯ ನೂಲಿನ ಸೀರೆಯನ್ನು ಚಾವಣಿಯಿಂದ ನಾಲ್ಕು ಬೆರಳು ಕೆಳಗೆ ಬಿಗಿಯಾಗಿ ಕಟ್ಟುವುದು ಮೇಲು. ಬೀಳುವ ಹನಿಯನ್ನು ಸೀರೆ ಕುಡಿಯುತ್ತದೆ, ಬೆಳಿಗ್ಗೆ ಬಿಸಿಲಿಗೆ ಹರವಿದರೆ ಒಣಗುತ್ತದೆ. ನೋಡಲೂ ಚೆಂದ.

ಸೋರಿಕೆಗೆ ಎಲ್ಲರೂ ಕೈ ಹಾಕುವುದು ಸಿಲಿಕೋನ್ ಟ್ಯೂಬಿಗೆ. ಹಚ್ಚುವಾಗ ವಿನೆಗರಿನಂಥ ಹುಳಿ ವಾಸನೆ ಬಂದರೆ ಅದರಿಂದ ಅಸಿಟಿಕ್ ಆಮ್ಲ ಹೊರಬರುತ್ತಿದೆ ಎಂದರ್ಥ. ಗಾಜಿಗೆ ಅದು ಸರಿ, ತಗಡಿಗೆ ಸಲ್ಲದು. ಅಂಗಡಿಯಲ್ಲಿ ನ್ಯೂಟ್ರಲ್ ಎಂದು ಬರೆದದ್ದನ್ನೇ ಕೇಳಿ ಪಡೆಯಬೇಕು. ಇನ್ನೊಂದು ತೊಡಕೆಂದರೆ, ಒಮ್ಮೆ ಸಿಲಿಕೋನ್ ಹಚ್ಚಿದ ಜಾಗಕ್ಕೆ ಮುಂದೆ ಬಣ್ಣವೂ ಹಿಡಿಯುವುದಿಲ್ಲ, ಬೇರೆ ಅಂಟೂ ಹಿಡಿಯುವುದಿಲ್ಲ. ಎರಡು ಬಣ್ಣದ ಮುದ್ದೆಗಳನ್ನು ನಾದಿ ಮೆತ್ತುವ ಎಪಾಕ್ಸಿ ನೀರಿನ ಪೈಪಿಗೆ ಅತ್ಯುತ್ತಮ, ಅಲುಗಾಡುವ ವ್ಯಾನಿಗೆ ಅಲ್ಲ. ಕಲ್ಲಿನಂತೆ ಗಟ್ಟಿಯಾಗುವ ಅದು ಘಟ್ಟದ ರಸ್ತೆಯ ಕುಲುಕಾಟಕ್ಕೆ ಅಂಚಿನಲ್ಲಿ ಬಿರುಕುಬಿಡುತ್ತದೆ. ಬ್ಯೂಟೈಲ್ ಟೇಪು ಎಂಬ ರಬ್ಬರಿನ ಅಂಟುಪಟ್ಟಿ ಎಂದೂ ಗಟ್ಟಿಯಾಗುವುದಿಲ್ಲ, ತಗಡಿನ ಜೊತೆಗೇ ಅಲುಗುತ್ತದೆ, ಬೇಡವೆಂದಾಗ ಎಳೆದು ತೆಗೆಯಬಹುದು. ಕ್ಯಾರಿಯರಿನ ಬೋಲ್ಟುಗಳ ಸುತ್ತ ನಾವು ಹಾಕಿದ್ದು ಇದನ್ನೇ. ಮೇ ತಿಂಗಳ ಒಣ ದಿನದಲ್ಲಿ, ತಗಡನ್ನು ಸ್ಪಿರಿಟಿನಿಂದ ಒರೆಸಿದ ಮೇಲೆ ಹಚ್ಚಿ. ಮಳೆ ಶುರುವಾದ ಮೇಲೆ ಒದ್ದೆ ತಗಡಿಗೆ ಯಾವ ಅಂಟೂ ನಿಲ್ಲದು.

ಅಡುಗೆಗೂ ತೇವಕ್ಕೂ ನಂಟಿದೆ ಎಂಬುದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಒಂದು ಕಿಲೋ ಅಡುಗೆ ಅನಿಲ ಉರಿದರೆ ಸುಮಾರು 1.6 ಕಿಲೋ ನೀರಾವಿ ಹುಟ್ಟುತ್ತದೆ, ಅನ್ನದಿಂದ ಏಳುವ ಹಬೆ ಇದರ ಮೇಲೆ ಬೇರೆ. ಕರಾವಳಿಯ ಕುಚ್ಚಲಕ್ಕಿ ಬೇಯಲು ಹೊತ್ತು ಹಿಡಿಯುತ್ತದೆ. ತೆರೆದ ಪಾತ್ರೆಯಲ್ಲಿ ಬೇಯಿಸಿದರೆ ಅನಿಲವೂ ಹೆಚ್ಚು, ಆವಿಯೂ ಹೆಚ್ಚು. ಕುಕ್ಕರಿನಲ್ಲಿ ಎರಡೂ ಕಡಿಮೆ. ಇನ್ನೂ ಕಡಿಮೆ ಸಾಕೆಂದರೆ ಹೀಗೆ ಮಾಡಿ: ನೆನೆಸಿದ ಅಕ್ಕಿಯನ್ನು ಹತ್ತು ನಿಮಿಷ ಚೆನ್ನಾಗಿ ಕುದಿಸಿ, ಮುಚ್ಚಳ ತೆಗೆಯದೆ ಪಾತ್ರೆಯನ್ನು ಥರ್ಮಾಕೋಲ್ ಪೆಟ್ಟಿಗೆಯೊಳಗೆ ಕಂಬಳಿಯಲ್ಲಿ ಸುತ್ತಿಡಿ. ಮೀನು ಸಾಗಿಸುವ ಹಳೆಯ ಪೆಟ್ಟಿಗೆ ಸಾಕು, ತೊಳೆದು ಬಿಸಿಲಿಗೆ ಇಟ್ಟರೆ ವಾಸನೆ ಹೋಗುತ್ತದೆ. ಒಂದೂವರೆ ಗಂಟೆಯಲ್ಲಿ ಅನ್ನ ತಾನಾಗಿ ಬೆಂದಿರುತ್ತದೆ. ಪಾತ್ರೆ ಮುಕ್ಕಾಲು ತುಂಬಿರಬೇಕು, ಬಿಸಿಯಿರುವಾಗಲೇ ಉಣ್ಣಬೇಕು. ಕುಕ್ಕರಿಗಿಂತ ಈ ಪೆಟ್ಟಿಗೆಯನ್ನು ನಾನು ಮೇಲಿಡುತ್ತೇನೆ, ಏಕೆಂದರೆ ಅನ್ನ ಬೇಯುವಾಗ ವ್ಯಾನು ಸಾಗುತ್ತಿರಬಹುದು. ಒಲೆಯನ್ನು ಮಾತ್ರ ಬಾಗಿಲು ತೆರೆದೇ ಹಚ್ಚಬೇಕು. ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲಿ ನಿಲ್ಲುತ್ತದೆ. ರಾತ್ರಿ ಮಲಗುವ ಮುನ್ನ ರೆಗ್ಯುಲೇಟರ್ ಬಿಚ್ಚಿಡುವುದನ್ನು ನಾವು ತಪ್ಪಿಸುವುದಿಲ್ಲ.

ನೀರು ಉಳಿಸಲು ಅಡಿಕೆ ಹಾಳೆಯ ತಟ್ಟೆ, ಸ್ಟೀಲ್ ತಟ್ಟೆಗಳಲ್ಲಿ ಯಾವುದು? ಬೇಸಿಗೆಯಲ್ಲಿ ಹಾಳೆ ತಟ್ಟೆ. ಮಳೆಗಾಲದಲ್ಲಿ ಅದಕ್ಕೇ ಬೂಷ್ಟು ಬರುವುದರಿಂದ ಸ್ಟೀಲ್. ತೊಳೆಯುವಾಗ ಚೊಂಬಿನ ಬದಲು ಗಿಡಗಳಿಗೆ ನೀರು ಸಿಂಪಡಿಸುವ ಚಿಕ್ಕ ಬಾಟಲಿ ಬಳಸಿ, ವ್ಯತ್ಯಾಸ ಮೊದಲ ದಿನವೇ ತಿಳಿಯುತ್ತದೆ.

ಉಪ್ಪುಗಾಳಿಗೆ ಔಷಧ ಸಿಹಿನೀರು. ವ್ಯಾನಿನ ಅಡಿಭಾಗಕ್ಕೆ ಹಳೆಯ ಎಂಜಿನ್ ಎಣ್ಣೆ ಬಳಿಯುವ ರೂಢಿ ಇದೆ. ಅದು ರಬ್ಬರ್ ಭಾಗಗಳನ್ನು ಕೆಡಿಸುತ್ತದೆ, ನೆಲಕ್ಕೆ ತೊಟ್ಟಿಕ್ಕಿ ಮರಳನ್ನೂ ಹೊಲಸು ಮಾಡುತ್ತದೆ. ಕಡಲತೀರ ಬಿಟ್ಟ ದಿನ ಕೈಪಂಪಿನಿಂದ ಅಡಿಭಾಗಕ್ಕೆ ಸಿಹಿನೀರು ಹೊಡೆದರೆ ಸಾಕು. ಅಡಿಕೆಗೆ ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣ ಹೊಡೆದ ಪಂಪನ್ನು ಇದಕ್ಕೆ ತರಬೇಡಿ. ಉಳಿದಿರುವ ಮೈಲುತುತ್ತಿನ ತಾಮ್ರ ಕಬ್ಬಿಣವನ್ನು ಇನ್ನೂ ಬೇಗ ತಿನ್ನುತ್ತದೆ. ಬಾಗಿಲ ತಿರುಗಣಿಗೆ ತೆಂಗಿನೆಣ್ಣೆ ಕರಾವಳಿಯಲ್ಲಿ ಚೆನ್ನಾಗಿ ನಡೆಯುತ್ತದೆ, ಆದರೆ 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುವುದರಿಂದ ಶಿರಸಿಯ ಚಳಿಗಾಲದ ಬೆಳಗಿನಲ್ಲಿ ಬಾಗಿಲು ಬಿಗಿಯುತ್ತದೆ. ಬೀಗದ ಕಿಂಡಿಗೆ ಯಾವ ಎಣ್ಣೆಯೂ ಬೇಡ, ಮರಳು ಹಿಡಿಯುತ್ತದೆ. ಅಲ್ಲಿಗೆ ಪೆನ್ಸಿಲಿನ ಕಡ್ಡಿಯ ಪುಡಿ ಘಟ್ಟದ ಮೇಲೂ ಕೆಳಗೂ ಗೆದ್ದಿದೆ. ಕಾಲಿಗೆ ಅಂಟಿದ ಒದ್ದೆ ಮರಳಿಗೆ ಟಾಲ್ಕಂ ಪೌಡರ್ ಉದುರಿಸಿ ಉಜ್ಜಿ, ಬಕೆಟ್ ನೀರು ಉಳಿಯುತ್ತದೆ.

ಉಳಿದದ್ದು ನಿಲ್ಲಿಸುವ ಜಾಗ. ಬೇಸಿಗೆಯಲ್ಲಿ ಗಾಳಿಮರಗಳ ಸಾಲಿನ ಹಿಂದೆ ನಿಂತರೆ ಉಪ್ಪಿನ ಹನಿಗಳ ಹೊಡೆತ ಕಡಿಮೆ. ಮಳೆಗಾಲದಲ್ಲಿ ಕೊಂಬೆ ಮುರಿಯುವುದರಿಂದ ಅಲ್ಲಿ ನಿಲ್ಲುವಂತಿಲ್ಲ. ಹೆದ್ದಾರಿಗಾಗಿ ಕಡಿದ ಗುಡ್ಡದ ಬುಡದಲ್ಲಂತೂ ಎಂದಿಗೂ ಬೇಡ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜನರನ್ನೂ ವಾಹನಗಳನ್ನೂ ಗಂಗಾವಳಿ ನದಿಗೆ ತಳ್ಳಿತು. ಆ ಮಳೆಗಾಲದಿಂದ ಈಚೆಗೆ ಜೂನ್‌ನಿಂದ ಸೆಪ್ಟೆಂಬರ್ ತನಕ ಶಾಲೆಯ ಅಂಗಳ ಅಥವಾ ಬಯಲಿನಲ್ಲಿರುವ ಪೆಟ್ರೋಲ್ ಬಂಕ್, ಇವೆರಡರಲ್ಲೇ ನಾವು ಆಯ್ಕೆ ಮಾಡುವುದು. ಎರಡಕ್ಕೂ ಅನುಮತಿ ಕೇಳಿಯೇ ನಿಲ್ಲಬೇಕು. ಶಾಲೆಯ ಅಂಗಳದಲ್ಲಿ ಬಾವಿಯ ನೀರು, ನಿಶ್ಶಬ್ದ ರಾತ್ರಿ; ಬಂಕಿನಲ್ಲಿ ಶೌಚಾಲಯ, ಕಾವಲು. ಬಂಕಿನ ದೀಪ ಬೆಳಗಿನವರೆಗೂ ಉರಿಯುವುದರಿಂದ ನೆರಳುಬಲೆಯನ್ನು ನಾಲ್ಕು ಮಡಿಕೆ ಮಾಡಿ ಆ ಬದಿಯ ಕಿಟಕಿಗೆ ಕಟ್ಟಿಕೊಳ್ಳಿ, ಗಾಳಿಗೆ ಅಡ್ಡಿಯಾಗದೆ ಬೆಳಕು ತಗ್ಗುತ್ತದೆ.