ಹೆಡ್ ಬಿಚ್ಚೋಕೆ ಒಪ್ಪೋ ಮೊದಲು ಬೆಲ್ಟ್ ನೋಡಿ

ಹಳೇ ಕಾರು ಬಿಸಿಯಾಗಿ ನಿಂತು, ಆಮೇಲೆ ಸ್ಟಾರ್ಟೂ ಆಗದಿದ್ದಾಗ, ಬಾನೆಟ್ ಎತ್ತಿದ ತಕ್ಷಣ ‘ಹೆಡ್ ಗ್ಯಾಸ್ಕೆಟ್ ಹೋಗಿದೆ ಸಾರ್’ ಅನ್ನುವವರ ಕೈಗೆ ಗಾಡಿ ಕೊಡಬೇಡಿ. (ಹೆಡ್ ಅಂದರೆ ಇಂಜಿನ್ನಿನ ಮೇಲ್ಭಾಗ, ಅದಕ್ಕೂ ಕೆಳಗಿನ ಭಾಗಕ್ಕೂ ನಡುವೆ ಕೂರುವ ಸೀಲೇ ಗ್ಯಾಸ್ಕೆಟ್.) ನಮ್ಮ 2004ರ ಮಾರುತಿ 800ಕ್ಕೆ ಇದೇ ಆಯಿತು. ಹದಿನೆಂಟು ಸಾವಿರ ಹೋಯಿತು, ತೊಂದರೆ ಹಾಗೇ ಉಳಿಯಿತು.

ಚಾರ್ಮಾಡಿ ಘಾಟಿ ಹತ್ತುತ್ತಿದ್ದೆವು, ಉಜಿರೆ ಕಡೆಯಿಂದ ಕೊಟ್ಟಿಗೆಹಾರಕ್ಕೆ. ಕತ್ತಲು, ಮಳೆ ಬೇರೆ. ಹೆಡ್‌ಲೈಟು, ವೈಪರು ಎರಡೂ ಹಾಕಿದ್ದೆ. ಮೊದಲು ಬ್ಯಾಟರಿಯ ಕೆಂಪು ದೀಪ ಮಿಣುಕಿತು, ಸ್ವಲ್ಪ ಹೊತ್ತಿಗೆ ಟೆಂಪರೇಚರ್ ಮುಳ್ಳು ಮೇಲೇರಿತು. ಜಾಗ ಸಿಕ್ಕ ಕಡೆ ನಿಲ್ಲಿಸಿ, ತಣ್ಣಗಾಗಲು ಬಿಟ್ಟು ಕೀ ತಿರುಗಿಸಿದರೆ ಬರೀ ಟಕ್ ಟಕ್.

ಎಳೆಸಿಕೊಂಡು ಹೋದ ಗ್ಯಾರೇಜಿನಲ್ಲಿ ಬೇರೆ ಬ್ಯಾಟರಿ ಕೊಟ್ಟು ಸ್ಟಾರ್ಟ್ ಮಾಡಿದರು. ‘ಫ್ಯಾನ್ ತಿರುಗ್ತಿದೆ, ರೇಡಿಯೇಟರ್‌ನಲ್ಲಿ ನೀರಿದೆ, ಆದ್ರೂ ಬಿಸಿ ಆಗ್ತಿದೆ ಅಂದ್ರೆ ಗ್ಯಾಸ್ಕೆಟ್ಟೇ.’ ಕೆಂಪು ದೀಪದ ವಿಷಯ ಹೇಳಿದರೆ ‘ಹಳೇ ಗಾಡಿ ಅಲ್ವಾ, ಅದೆಲ್ಲ ಇದ್ದಿದ್ದೇ’ ಅಂದರು. ಹೆಡ್ ಬಿಚ್ಚಿದರು, ಲೇತಿಗೆ ಕಳಿಸಿ ಫೇಸಿಂಗ್ (ತಳ ಸಮ ಮಾಡುವ ಕೆಲಸ) ಮಾಡಿಸಿದರು, ಬ್ಯಾಟರಿ ಫುಲ್ ಚಾರ್ಜ್ ಮಾಡಿ ಕೊಟ್ಟರು. ಹಗಲು ಹೊತ್ತು ಊರೊಳಗೆ ಚೆನ್ನಾಗೇ ಓಡಿತು. ರಾತ್ರಿ ದೂರ ಹೊರಟಾಗ ಮತ್ತೆ ಅದೇ ದೀಪ, ಅದೇ ಮುಳ್ಳು, ಅದೇ ಟಕ್ ಟಕ್.

ಎರಡನೇ ಮೆಕ್ಯಾನಿಕ್ ಸ್ಪ್ಯಾನರ್ ಮುಟ್ಟಲೇ ಇಲ್ಲ, ಟಾರ್ಚ್ ಹಿಡಿದು ಬಗ್ಗಿ ನೋಡಿದರು ಅಷ್ಟೇ. ವಾಟರ್ ಪಂಪಿನ ಅಡಿಯ ಸಣ್ಣ ತೂತಿನಿಂದ ಕೂಲೆಂಟ್, ಅಂದರೆ ಇಂಜಿನ್ ತಣಿಸುವ ನೀರು, ಒಸರಿ ಕಲೆ ಕಟ್ಟಿತ್ತು. ಅದು ಬೆಲ್ಟಿಗೂ ತಾಗಿ, ಬೆಲ್ಟಿನ ಎರಡೂ ಅಂಚು ಸವೆದು ನುಣ್ಣಗೆ ಹೊಳೆಯುತ್ತಿತ್ತು. 800ರಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನೂ ವಾಟರ್ ಪಂಪನ್ನೂ ತಿರುಗಿಸುವುದು ಅದೊಂದೇ ಬೆಲ್ಟು, ಅದು ಜಾರಿದರೆ ಒಂದು ಕಡೆ ಚಾರ್ಜಿಂಗ್ ಇಲ್ಲ, ಇನ್ನೊಂದು ಕಡೆ ಇಂಜಿನ್ನಿನೊಳಗೆ ನೀರು ಸರಿಯಾಗಿ ಸುತ್ತುವುದಿಲ್ಲ. ಫ್ಯಾನ್ ಮಾತ್ರ ಕರೆಂಟಿನದು. ಅದು ತನ್ನ ಪಾಡಿಗೆ ತಿರುಗುತ್ತಾ ಉಳಿದ ಬ್ಯಾಟರಿಯನ್ನೂ ತಿಂದು ಹಾಕುತ್ತದೆ. ಹೊಟ್ಟೆ ಉರಿಯುವುದು ಯಾಕೆ ಗೊತ್ತಾ? ಹೆಡ್ ಬಿಚ್ಚಬೇಕಾದರೆ ಆ ಬೆಲ್ಟ್ ಕಳಚಲೇಬೇಕು. ಕಳಚಿದ್ದಾರೆ, ಅದನ್ನೇ ವಾಪಸ್ ಹಾಕಿದ್ದಾರೆ!

ಹಾಗಾಗಿ ಬಿಸಿ ಆಗೋದು, ಸ್ಟಾರ್ಟ್ ಆಗದೇ ಇರೋದು ಎರಡೂ ಒಟ್ಟಿಗೆ ಬಂದರೆ ಮೊದಲು ಬೆಲ್ಟ್ ನೋಡಿ. ಇಂಜಿನ್ ಆಫ್ ಮಾಡಿ ಹೆಬ್ಬೆರಳಲ್ಲಿ ಒತ್ತಿ, ಒಂದು ಸೆಂಟಿಮೀಟರಿಗಿಂತ ಜಾಸ್ತಿ ಒಳಗೆ ಹೋದರೆ ಸಡಿಲ. ಮಲ್ಟಿಮೀಟರ್ ಇದ್ದರೆ ಇಂಜಿನ್ ಓಡುವಾಗ ಬ್ಯಾಟರಿಗೆ ಇಟ್ಟು ನೋಡಿ. 13.8ರಿಂದ 14.4 ವೋಲ್ಟ್ ಹತ್ತಿರ ಬರಬೇಕು, 12ರಲ್ಲೇ ಕೂತಿದ್ದರೆ ಚಾರ್ಜ್ ಆಗ್ತಿಲ್ಲ.

ಗ್ಯಾಸ್ಕೆಟ್ ನಿಜವಾಗಿ ಹೋಗಿದ್ದರೆ ಸಾಮಾನ್ಯವಾಗಿ ಏನಾದರೂ ಕುರುಹು ಸಿಗುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ (ಆಯಿಲ್ ಮಟ್ಟ ನೋಡುವ ಕಡ್ಡಿ) ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿರಬಹುದು, ಇಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ ಬರಬಹುದು, ಎಲ್ಲೂ ಸೋರದೆ ಕೂಲೆಂಟ್ ಖಾಲಿಯಾಗುತ್ತಿರಬಹುದು, ಇಲ್ಲಾ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದರೆ ಬುಳುಬುಳು ಗುಳ್ಳೆ ನಿಲ್ಲದೆ ಬರಬಹುದು. ನಮ್ಮದರಲ್ಲಿ ಇದ್ಯಾವುದೂ ಇರಲಿಲ್ಲ. ಅನುಮಾನ ಇದ್ದರೆ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಟೆಸ್ಟ್ ಮಾಡಿಸಿ, ಆ ಖರ್ಚು ಏನೂ ಅಲ್ಲ.

ಇನ್ನೊಂದು ಮಾತು. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೀಬೇಡಿ. ಒಳಗೆ ಒತ್ತಡ ಇರುವುದರಿಂದ ನೀರು 100 ಡಿಗ್ರಿ ದಾಟಿರುತ್ತದೆ, ಮುಚ್ಚಳ ಸಡಿಲವಾದರೆ ಮುಖಕ್ಕೇ ಚಿಮ್ಮುತ್ತದೆ. ಕಾದ ಇಂಜಿನ್ ಮೇಲೆ ತಣ್ಣೀರೂ ಸುರಿಯಬೇಡಿ. ಅಲ್ಯೂಮಿನಿಯಂ ಹೆಡ್ ಸೊಟ್ಟಗಾದರೆ ಆಗ ನಿಜವಾಗ್ಲೂ ಹೆಡ್ ಕೆಲಸ ಬರುತ್ತೆ.

ಕೊನೆಗೆ ಪಂಪು, ಬೆಲ್ಟು, ಕೂಲೆಂಟು, ಮಜೂರಿ ಎಲ್ಲಾ ಸೇರಿ ಮೂರು ಸಾವಿರದೊಳಗೆ ಮುಗಿಯಿತು. ಮೊದಲಿನ ಗ್ಯಾರೇಜಿಗೆ ಹೋಗಿ ‘ಹಳೇ ಗ್ಯಾಸ್ಕೆಟ್ ತೋರಿಸಿ’ ಅಂದರೆ ಗುಜರಿಗೆ ಹಾಕಿಬಿಟ್ವಿ ಅಂದರು. ನೀವು ಹೆಡ್ ಬಿಚ್ಚಿಸಲೇಬೇಕಾಗಿ ಬಂದರೆ ಹಳೇ ಸಾಮಾನು ನನಗೆ ಬೇಕು ಅಂತ ಕೆಲಸ ಶುರುವಾಗೋ ಮೊದಲೇ ಹೇಳಿ, ಎಸ್ಟಿಮೇಟ್ ಚೀಟಿಯಲ್ಲೂ ಬರೆಸಿಕೊಳ್ಳಿ.