ಚಿತ್ರ ಚೌಕಳಿಯಾಗುವ ಡಿವಿಡಿಗಳಿಗೆ ಡಿಡಿರೆಸ್ಕ್ಯೂ: ಬಳಸಿ ನೋಡಿದ ಮೇಲೆ

ಮನೆಯಲ್ಲಿ ಬರೆದ ಡಿವಿಡಿ ಹಾಕಿದಾಗ ಚಿತ್ರ ಒಡೆದು ಚೌಕಳಿ ಚೌಕಳಿಯಾಗಿ ನಿಲ್ಲುತ್ತಿದ್ದರೆ, ಹೊಸ ಪ್ಲೇಯರ್‌ಗೆ ಹಣ ಹಾಕುವ ಮೊದಲು ಡಿಡಿರೆಸ್ಕ್ಯೂ ಎಂಬ ತಂತ್ರಾಂಶವನ್ನು ಬಳಸಿ ನೋಡಿ. ಇದಕ್ಕೆ ಒಂದು ಪೈಸೆಯೂ ಬೇಡ. ಮುಕ್ತ ತಂತ್ರಾಂಶಗಳ ಗ್ನು ಯೋಜನೆಗೆ ಸೇರಿದ ಇದನ್ನು ಬರೆದವರು ಆಂಟೋನಿಯೊ ಡಿಯಾಜ್ ಡಿಯಾಜ್. ಹಾಳಾದ ಹಾರ್ಡ್‌ಡಿಸ್ಕ್‌ಗಳಿಂದ ಮಾಹಿತಿ ಎತ್ತುವುದಕ್ಕೆ ಇದು ಹೆಸರುವಾಸಿ. ಡಿವಿಡಿಗೂ ಇದು ಅಷ್ಟೇ ಚೆನ್ನಾಗಿ ಒದಗುತ್ತದೆ ಎಂಬುದು ನಮ್ಮ ಕಡೆ ಹೆಚ್ಚಿನವರಿಗೆ ಗೊತ್ತಿಲ್ಲ. ಅದಕ್ಕಾಗಿಯೇ ಬರೆಯುತ್ತಿದ್ದೇನೆ.

ನನಗೆ ಇದರ ಅಗತ್ಯ ಬಿದ್ದದ್ದು ಯಕ್ಷಗಾನದಿಂದ. ಅಪ್ಪಯ್ಯ ಕುಮಟಾ, ಹೊನ್ನಾವರದ ಸುತ್ತ ನಡೆಯುತ್ತಿದ್ದ ಬಡಗುತಿಟ್ಟಿನ ಆಟಗಳನ್ನು ಮಿನಿ ಡಿವಿ ಕ್ಯಾಮೆರಾದಲ್ಲಿ ಹಿಡಿದು, ಮನೆಯ ಕಂಪ್ಯೂಟರಿನಲ್ಲೇ ಡಿವಿಡಿಗೆ ಬರೆದು ನೆಂಟರಿಗೆಲ್ಲ ಹಂಚುತ್ತಿದ್ದರು. ಕ್ಯಾಸೆಟ್ ದುಬಾರಿಯಾಗಿದ್ದರಿಂದ ಅದರ ಮೇಲೆಯೇ ಮುಂದಿನ ಆಟವನ್ನು ಹಿಡಿಯುತ್ತಿದ್ದರು. ಹಾಗಾಗಿ ಬಹಳಷ್ಟು ಆಟಗಳಿಗೆ ಈಗ ಉಳಿದಿರುವುದು ಡಿವಿಡಿ ಮಾತ್ರ. ಅದರಲ್ಲಿರುವ ಕೆಲವು ಭಾಗವತರು ಇಂದು ಇಲ್ಲ. ಒಂದು ಡಿಸ್ಕ್ ಹೋದರೆ ಒಂದು ರಾತ್ರಿಯ ಆಟವೇ ಹೋದಂತೆ.

ತಂತ್ರಾಂಶಕ್ಕೆ ಹೋಗುವ ಮೊದಲು ರೋಗ ಯಾವುದೆಂದು ತಿಳಿದುಕೊಳ್ಳಬೇಕು. ಪರದೆಯ ಮೇಲೆ ಎಲ್ಲ ಚೌಕಳಿಯೂ ಒಂದೇ ತರ ಕಂಡರೂ ಮೂಲ ಬೇರೆ ಬೇರೆ. ನಾನು ಮಾಡುವ ಪರೀಕ್ಷೆ ಸರಳವಾದದ್ದು. ಚಿತ್ರ ಒಡೆದ ಸಮಯವನ್ನು ಬರೆದಿಟ್ಟುಕೊಂಡು, ಡಿಸ್ಕನ್ನು ಒರೆಸಿ, ಬೇರೊಂದು ಡ್ರೈವಿನಲ್ಲಿ ಅದೇ ಜಾಗವನ್ನು ನೋಡುತ್ತೇನೆ. ಒಡೆಯುವ ಜಾಗ ಬದಲಾದರೆ, ಇಲ್ಲವೇ ಡ್ರೈವ್ ಗರ್ ಎಂದು ತಡವರಿಸಿ ಚಿತ್ರ ಹೆಪ್ಪುಗಟ್ಟಿದರೆ, ಅದು ಓದುವ ತೊಂದರೆ. ಯಾವ ಡ್ರೈವಿನಲ್ಲೂ ತಡವರಿಕೆಯಿಲ್ಲದೆ, ಪ್ರತಿ ಸಲವೂ ಅದೇ ಕ್ಷಣದಲ್ಲಿ ಅದೇ ಚೌಕ ಕಂಡರೆ ಅದು ಡಿಸ್ಕಿಗೆ ಬರೆಯುವ ಮೊದಲೇ ಚಿತ್ರದೊಳಗೆ ಸೇರಿಕೊಂಡದ್ದು. ಡಿಡಿರೆಸ್ಕ್ಯೂ ಒದಗುವುದು ಮೊದಲನೆಯದಕ್ಕೆ ಮಾತ್ರ.

ಒರೆಸುವುದು ಎಂದೆನಲ್ಲ, ಅದಕ್ಕೂ ಕ್ರಮವಿದೆ. ಕರಾವಳಿಯ ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿಟ್ಟ ಡಿಸ್ಕಿಗೆ ಬೂಷ್ಟು ಹಿಡಿಯುತ್ತದೆ. ಸ್ವಲ್ಪ ಸೋಪು ಬೆರೆಸಿದ ನೀರು, ಮೆತ್ತಗಿನ ಹತ್ತಿಬಟ್ಟೆ ಸಾಕು. ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು, ಸುತ್ತಲೂ ತಿರುಗಿಸಿ ಉಜ್ಜಬಾರದು. ಮಾಹಿತಿ ಸುರುಳಿಯಾಗಿ ಸಾಗುವುದರಿಂದ, ಸುರುಳಿಯ ದಾರಿಯಲ್ಲೇ ಗೀರು ಬಿದ್ದರೆ ಒಂದೇ ಕಡೆ ಉದ್ದಕ್ಕೆ ಹಾಳಾಗುತ್ತದೆ, ಅಡ್ಡ ಗೀರಾದರೆ ಡಿಸ್ಕಿನ ತಪ್ಪು ತಿದ್ದುವ ವ್ಯವಸ್ಥೆ ಅದನ್ನು ಸುಲಭವಾಗಿ ನುಂಗಿಕೊಳ್ಳುತ್ತದೆ. ಬರಿಯ ಒರೆಸುವಿಕೆಯಿಂದಲೇ ಸರಿಯಾದ ಡಿಸ್ಕ್‌ಗಳು ನನ್ನಲ್ಲಿವೆ.

ಇನ್ನು ಓದುವ ತೊಂದರೆಯ ಒಳಗುಟ್ಟು. ಡಿವಿಡಿ ಮಾಹಿತಿಯನ್ನು 2048 ಬೈಟ್‌ಗಳ ಸೆಕ್ಟರ್‌ಗಳಲ್ಲಿ ಇಡುತ್ತದೆ. ಇಂಥ 16 ಸೆಕ್ಟರ್‌ಗಳಿಗೆ ಒಟ್ಟಾಗಿ ತಪ್ಪು ತಿದ್ದುವ ಸಂಕೇತವಿರುತ್ತದೆ. ಆ ಸಂಕೇತಕ್ಕೂ ಮೀರಿ ತಪ್ಪುಗಳು ಹೆಚ್ಚಾದರೆ 32 ಕಿಲೋಬೈಟಿನ ಇಡೀ ತುಂಡೇ ಕೈತಪ್ಪುತ್ತದೆ. ಸೆಕೆಂಡಿಗೆ 5 ಮೆಗಾಬಿಟ್‌ನ ಚಿತ್ರದಲ್ಲಿ ಇದು ಒಂದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಷ್ಟು. ಆದರೂ ಕಣ್ಣಿಗೆ ಸುಮಾರು ಅರ್ಧ ಸೆಕೆಂಡಿನವರೆಗೆ ಚಿತ್ರ ಕದಡಿರುತ್ತದೆ. ಏಕೆಂದರೆ ಡಿವಿಡಿಗೆ ಚಿತ್ರವನ್ನು ಹಿಂಡಿ ಬರೆಯುವ ಎಂಪೆಗ್-2 ಪದ್ಧತಿ ಪೂರ್ತಿ ಚಿತ್ರವನ್ನು ಆಗೊಮ್ಮೆ ಈಗೊಮ್ಮೆ ಮಾತ್ರ ಬರೆದು, ನಡುವಿನವುಗಳಲ್ಲಿ ಬದಲಾದದ್ದನ್ನಷ್ಟೇ ಬರೆಯುತ್ತದೆ. ನಮ್ಮ ಟಿವಿಗಳ ಪಾಲ್ ಪದ್ಧತಿಯ ಡಿವಿಡಿಯಲ್ಲಿ ಪೂರ್ತಿ ಚಿತ್ರ 15 ಚೌಕಟ್ಟುಗಳಿಗೆ (ಫ್ರೇಮ್) ಒಮ್ಮೆಯಾದರೂ ಬರಬೇಕು. ಅಲ್ಲಿಯವರೆಗೆ ಕಳೆದುಹೋದ ತುಂಡಿನ ಗಾಯ ಮುಂದಿನ ಚಿತ್ರಗಳಿಗೂ ಹರಡುತ್ತಾ ಹೋಗುತ್ತದೆ. ಸಣ್ಣ ತುಂಡೊಂದನ್ನು ಮರಳಿ ಪಡೆದರೆ ಇಷ್ಟು ದೊಡ್ಡ ವ್ಯತ್ಯಾಸ ಕಾಣುವುದು ಇದೇ ಕಾರಣಕ್ಕೆ.

ಡಿಡಿರೆಸ್ಕ್ಯೂವಿನ ಜಾಣತನ ಅದರ ತಾಳ್ಮೆಯಲ್ಲಿದೆ. ಸಾಮಾನ್ಯವಾಗಿ ಕಡತ ನಕಲು ಮಾಡುವಾಗ ಕಂಪ್ಯೂಟರ್ ಕೆಟ್ಟ ಜಾಗದಲ್ಲಿ ಸಿಕ್ಕಿಬಿದ್ದು, ಕೊನೆಗೆ ದೋಷವಿದೆ ಎಂದು ಹೇಳಿ ಇಡೀ ಕೆಲಸವನ್ನೇ ಕೈಬಿಡುತ್ತದೆ. ಇದು ಹಾಗೆ ಮಾಡುವುದಿಲ್ಲ. ಮೊದಲು ಸುಲಭವಾಗಿ ಸಿಗುವುದನ್ನೆಲ್ಲ ಎತ್ತಿ ಕಂಪ್ಯೂಟರಿನ ಒಂದು ಕಡತಕ್ಕೆ ತುಂಬಿಕೊಳ್ಳುತ್ತದೆ. ಕೆಟ್ಟ ಜಾಗವನ್ನು ದಾಟಿ ಮುಂದೆ ಹೋಗಿ, ಎಲ್ಲಿ ಏನು ಬಿಟ್ಟೆ ಎಂಬುದನ್ನು ನಕ್ಷೆಯ ಕಡತವೊಂದರಲ್ಲಿ ಗುರುತು ಹಾಕಿಕೊಳ್ಳುತ್ತದೆ. ಆಮೇಲೆ ಬಿಟ್ಟ ಜಾಗಗಳಿಗಷ್ಟೇ ಮರಳಿ ಬಂದು, ನಾವು ಹೇಳಿದಷ್ಟು ಸಲ ಪ್ರಯತ್ನಿಸುತ್ತದೆ. ವಿದ್ಯುತ್ ಹೋದರೂ ಚಿಂತೆಯಿಲ್ಲ. ನಕ್ಷೆಯ ಕಡತ ಇರುವುದರಿಂದ ನಿಂತಲ್ಲಿಂದ ಮುಂದುವರಿಯುತ್ತದೆ. ಮಳೆಗಾಲದಲ್ಲಿ ನಮ್ಮ ಊರಿನ ಕರೆಂಟನ್ನು ಬಲ್ಲವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಆದರೆ ಅದರ ಹಿರಿಮೆ ನನಗೆ ನಿಜವಾಗಿ ತಿಳಿದದ್ದು ಎರಡನೆಯ ಪ್ರತಿ ಸಿಕ್ಕಾಗ. ಕೌರವನ ಒಡ್ಡೋಲಗವಿದ್ದ ಡಿಸ್ಕೊಂದು ಹೊರ ಅಂಚಿನಲ್ಲಿ ಏನು ಮಾಡಿದರೂ ಓದಿಸಿಕೊಳ್ಳಲಿಲ್ಲ. ಡಿವಿಡಿಯನ್ನು ಒಳಗಿನಿಂದ ಹೊರಕ್ಕೆ ಬರೆಯುವುದರಿಂದ, ಅಂಚು ಕೆಟ್ಟರೆ ಪೆಟ್ಟು ಬೀಳುವುದು ಆಟದ ಕೊನೆಯ ಭಾಗಕ್ಕೆ. ಅದೇ ಆಟದ ಪ್ರತಿಯನ್ನು ಅಪ್ಪಯ್ಯ ಸಿದ್ದಾಪುರದ ಸೋದರತ್ತೆಗೂ ಕೊಟ್ಟಿದ್ದರು. ಫೋನ್ ಮಾಡಿದರೆ, "ಅಣ್ಣ ಕೊಟ್ಟದ್ದನ್ನು ಎಲ್ಲಿ ಬಿಸಾಡಲಿ ಮಾರಾಯಾ, ಕಪಾಟಿನಲ್ಲೇ ಇದೆ" ಎಂದರು ಅತ್ತೆ. ಆ ಪ್ರತಿಯೂ ಕೆಟ್ಟಿತ್ತು, ಆದರೆ ನಡುವಿನಲ್ಲಿ. ಹಳೆಯ ನಕ್ಷೆಯ ಕಡತವನ್ನೇ ಕೊಟ್ಟು ಅತ್ತೆಯ ಡಿಸ್ಕನ್ನು ಡ್ರೈವಿಗೆ ಹಾಕಿದೆ. ನನ್ನ ಪ್ರತಿಯಲ್ಲಿ ಸಿಗದೆ ಉಳಿದ ಸೆಕ್ಟರ್‌ಗಳನ್ನಷ್ಟೇ ಅದು ಅಲ್ಲಿಂದ ಹುಡುಕಿ ತುಂಬಿಕೊಂಡಿತು. ಗೆದ್ದಲು ತಿಂದ ಎರಡು ಪ್ರತಿಗಳಿಂದ ಒಂದು ಪೂರ್ಣ ಪುಸ್ತಕ ಕೂಡಿಸಿದ ಹಾಗೆ. ಉಳಿದ ದೋಷ ಸೊನ್ನೆ ಎಂದು ಪರದೆ ತೋರಿಸಿದಾಗ ನನಗಾದ ಸಂತೋಷವನ್ನು ಹೇಳಲಾರೆ. ಕೊನೆಯ ಚಂಡೆಯ ಪೆಟ್ಟಿನವರೆಗೂ ಆಟ ಒಂದೂ ಚೌಕಳಿಯಿಲ್ಲದೆ ಓಡಿತು.

ಇಲ್ಲಿ ಒಂದು ಷರತ್ತಿದೆ. ಎರಡೂ ಡಿಸ್ಕ್‌ಗಳು ಒಂದೇ ಐಎಸ್‌ಒ ಕಡತದಿಂದ (ಇಡೀ ಡಿಸ್ಕಿನ ಪಡಿಯಚ್ಚಾದ ಕಡತ) ಬರೆದವಾಗಿರಬೇಕು. ಬೇರೆ ಬೇರೆ ದಿನ ಬೇರೆ ಬೇರೆಯಾಗಿ ತಯಾರಿಸಿದ್ದರೆ ಒಳಗಿನ ಆಟ ಒಂದೇ ಆದರೂ ಸೆಕ್ಟರ್‌ಗಳು ಹೊಂದುವುದಿಲ್ಲ, ಕೂಡಿಸಲು ಹೋದರೆ ಇನ್ನಷ್ಟು ಕೆಡುತ್ತದೆ.

ಎರಡನೆಯ ಪ್ರತಿ ಇಲ್ಲದಿದ್ದರೆ ಎರಡನೆಯ ಡ್ರೈವಾದರೂ ಬೇಕು. ಒಂದು ಡ್ರೈವ್ ಓದಲಾರದ್ದನ್ನು ಇನ್ನೊಂದು ಓದುವುದುಂಟು. ಯುಎಸ್‌ಬಿಗೆ ಚುಚ್ಚುವ ತೆಳು ಡ್ರೈವ್ ಕೈಬಿಟ್ಟ ಸೆಕ್ಟರ್‌ಗಳನ್ನು ಹಳೆಯ ಡೆಸ್ಕ್‌ಟಾಪ್‌ನ ದೊಡ್ಡ ಡ್ರೈವ್ ನನಗೆ ಎತ್ತಿಕೊಟ್ಟಿದೆ. ತೆಳು ಡ್ರೈವನ್ನು ಹಬ್‌ಗೆ ಸಿಕ್ಕಿಸದೆ ನೇರವಾಗಿ ಕಂಪ್ಯೂಟರಿಗೇ ಜೋಡಿಸಿ, ವಿದ್ಯುತ್ ಸಾಲದೆ ಹೋದರೂ ಅದು ತಡವರಿಸುತ್ತದೆ.

ಕೊರತೆಗಳನ್ನೂ ಹೇಳಬೇಕು. ಇದಕ್ಕೆ ಕಿಟಕಿ, ಗುಂಡಿ ಏನೂ ಇಲ್ಲ, ಎಲ್ಲವನ್ನೂ ಟರ್ಮಿನಲ್ ಎಂಬ ಆದೇಶದ ಪರದೆಯಲ್ಲಿ ಟೈಪ್ ಮಾಡಬೇಕು. ಕಂಪ್ಯೂಟರಿನೊಂದಿಗೆ ಹೆಚ್ಚು ಪಳಗದ ಹಿರಿಯರು ಇದನ್ನು ಒಬ್ಬರೇ ಬಳಸುವುದು ಕಷ್ಟ. ಸೆಕ್ಟರ್ ಗಾತ್ರ 2048 ಎಂದು ನಾವೇ ಹೇಳಬೇಕು, ಹೇಳದಿದ್ದರೆ ಹಾರ್ಡ್‌ಡಿಸ್ಕಿನ 512 ಎಂದು ಹಿಡಿಯುತ್ತದೆ. ಓದುವ ಸಾಧನ, ಬರೆಯುವ ಕಡತ ಇವೆರಡರ ಹೆಸರನ್ನು ಅದಲುಬದಲು ಮಾಡದಂತೆ ಎಂಟರ್ ಒತ್ತುವ ಮೊದಲು ಎರಡು ಸಲ ಓದಿ. ಹೆಸರಿನಲ್ಲೂ ಗೊಂದಲವಿದೆ. ಉಬುಂಟು ಲಿನಕ್ಸ್‌ನಲ್ಲಿ ಇದನ್ನು ಜಿಡಿಡಿರೆಸ್ಕ್ಯೂ ಎಂದು ಹುಡುಕಬೇಕು, ನಡುವೆ ಅಡಿಗೆರೆ ಇರುವ ಡಿಡಿ_ರೆಸ್ಕ್ಯೂ ಬೇರೆಯದೇ ತಂತ್ರಾಂಶ. ನಕ್ಷೆಯನ್ನು ಬಣ್ಣದ ಚೌಕಗಳಲ್ಲಿ ತೋರಿಸುವ ಡಿಡಿರೆಸ್ಕ್ಯೂವ್ಯೂ ಎಂಬ ಜೊತೆಗಾರ ತಂತ್ರಾಂಶ ಸಿಗುತ್ತದೆ, ಅದನ್ನು ಹಾಕಿಕೊಂಡರೆ ಡಿಸ್ಕಿನ ಯಾವ ಭಾಗ ಕೆಟ್ಟಿದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಇದರ ಕೈಗೆ ಸಿಗದ ಚೌಕಳಿಯ ಬಗ್ಗೆ ನನಗೆ ಬೇಸರ ಹೆಚ್ಚು. 4.7 ಗಿಗಾಬೈಟಿನ ಒಂದು ಡಿಸ್ಕಿಗೆ ಎರಡು ಗಂಟೆ ತುಂಬಿಸಿದರೆ, ಧ್ವನಿಯೂ ಸೇರಿ ಸೆಕೆಂಡಿಗೆ ಸುಮಾರು 5.2 ಮೆಗಾಬಿಟ್ ಸಿಗುತ್ತದೆ. ನಾಲ್ಕು ಗಂಟೆ ತುರುಕಿದರೆ ಅದರ ಅರ್ಧ. ಡಿವಿಡಿಯಲ್ಲಿ ಚಿತ್ರಕ್ಕೆ 9.8 ಮೆಗಾಬಿಟ್‌ವರೆಗೆ ಅವಕಾಶವಿದೆ ಎಂಬುದನ್ನು ನೆನೆದರೆ ಇದು ಎಷ್ಟು ಕಡಿಮೆ ಎಂದು ತಿಳಿಯುತ್ತದೆ. ಕುರ್ಚಿಯಲ್ಲಿ ಕುಳಿತು ಮಾತಾಡುವ ತಾಳಮದ್ದಳೆಗೆ ಅಷ್ಟು ಸಾಕಾಗಬಹುದು. ಮಿನುಗುವ ಭುಜಕೀರ್ತಿ ತೊಟ್ಟ ವೇಷಧಾರಿ ಮಂಡಿ ಹಾಕಿ ಗಿರಕಿ ತಿರುಗುವಾಗ ಖಂಡಿತ ಸಾಲದು. ಕುಣಿತ ಜೋರಾದೊಡನೆ ಮುಖ, ಕಿರೀಟ, ಹಿಂದಿನ ಪರದೆ ಎಲ್ಲವೂ ಚೌಕಗಳಾಗುತ್ತವೆ. ಪದ್ಯ ನಿಂತು ಅರ್ಥ ಹೇಳುವಾಗ ಚಿತ್ರ ತಾನೇ ತಿಳಿಯಾಗುತ್ತದೆ. ಹೀಗೆ ಕುಣಿತದೊಂದಿಗೆ ಬಂದು ಹೋಗುವ ಚೌಕಳಿಯಾದರೆ ಅದು ಹಿಂಡಿದ್ದರ ಫಲ. ಕ್ಯಾಸೆಟ್ ಉಳಿದಿದ್ದರೆ ಅದರಿಂದ ಹೊಸದಾಗಿ ತೆಗೆಯಬೇಕು, ಬೇರೆ ಮದ್ದಿಲ್ಲ. ಕ್ಯಾಮೆರಾದಲ್ಲಿ ಟೇಪು ಓದುವ ಹೆಡ್‌ನಲ್ಲಿ ಕೊಳೆ ಕಟ್ಟಿದ್ದಾಗ ಬರುವ ಅಡ್ಡಪಟ್ಟಿಗಳು, ಚೂರುಚೂರು ಚೌಕಗಳು ಇನ್ನೊಂದು ಬಗೆ. ಅವೂ ಡಿಸ್ಕಿನ ದೋಷವಲ್ಲ.

ಎಲ್ಲ ಸರಿಯಾಗಿ ಎತ್ತಿಕೊಂಡ ಐಎಸ್‌ಒ ಕಡತವನ್ನು ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರ್ ತಂತ್ರಾಂಶದಲ್ಲಿ ನೇರವಾಗಿ ತೆರೆದು ನೋಡಬಹುದು, ಡಿಸ್ಕಿಗೆ ಮತ್ತೆ ಬರೆಯಲೇಬೇಕೆಂದಿಲ್ಲ. ಟಿವಿಯ ಪ್ಲೇಯರಿನಲ್ಲೇ ನೋಡಬೇಕೆನ್ನುವ ಹಿರಿಯರಿಗಾಗಿ ಬರೆಯುವುದಾದರೆ ಮತ್ತೆ ಮತ್ತೆ ಬರೆಯಬಹುದಾದ ಆರ್‌ಡಬ್ಲ್ಯೂ ಡಿಸ್ಕ್ ಬೇಡ. ಅದು ಬೆಳಕನ್ನು ಕಡಿಮೆ ಪ್ರತಿಫಲಿಸುವುದರಿಂದ ಹಳೆಯ ಪ್ಲೇಯರ್‌ಗಳು ಅದನ್ನು ಓದಲು ಒದ್ದಾಡುತ್ತವೆ. ಮೇಲೆ ಕಾಗದದ ಲೇಬಲ್ ಅಂಟಿಸಬೇಡಿ, ತೂಕ ಒಂದು ಕಡೆ ವಾಲಿದರೆ ತಿರುಗುವಾಗ ಡಿಸ್ಕ್ ಅದುರುತ್ತದೆ. ವಿಂಡೋಸ್‌ನಲ್ಲಿ ಬರೆಯುವವರು ಇಮ್ಗ್‌ಬರ್ನ್ ಎಂಬ ಉಚಿತ ತಂತ್ರಾಂಶ ಬಳಸಿ, ಬರೆದ ಮೇಲೆ ತಾಳೆ ನೋಡುವ ಆಯ್ಕೆಯನ್ನು ತಪ್ಪದೆ ಗುರುತು ಮಾಡಿ. ಸಮಯ ಹೆಚ್ಚು ಹಿಡಿಯುತ್ತದೆ, ಹಿಡಿಯಲಿ.

ಮನೆಯಲ್ಲಿ ಇಂಥ ಡಿಸ್ಕ್‌ಗಳಿರುವವರು ಮಾಡಬೇಕಾದ ಮೊದಲ ಕೆಲಸ ನೆಂಟರಿಗೆ ಫೋನ್ ಮಾಡುವುದು. ಯಾರಿಗೆ ಯಾವ ಆಟದ, ಯಾವ ಮದುವೆಯ ಪ್ರತಿ ಕೊಟ್ಟಿದ್ದಿರಿ ಎಂದು ಪಟ್ಟಿ ಮಾಡಿ, ಚಿತ್ರ ಬರುವುದಿಲ್ಲವೆಂದು ಅವರು ಅದನ್ನು ಎಸೆಯುವ ಮೊದಲೇ ಕೇಳಿ ತರಿಸಿಕೊಳ್ಳಿ.